ಹಳೇ ಫ್ಲಮೆಂಕೊ ಪ್ಲೇಟಲ್ಲಿ ಗಿಟಾರ್ ಯಾರ್ದು ಅಂತ ಪತ್ತೆ ಹಚ್ಚೋದು ಹೇಗೆ

ಫ್ಲಮೆಂಕೊ ಅಂದ್ರೆ ಸ್ಪೇನಿನ ದಕ್ಷಿಣ ಭಾಗದ ಹಾಡು, ಗಿಟಾರ್ ಸಂಗೀತ. ಹಳೇ ಫ್ಲಮೆಂಕೊ ಕೇಳೋ ಚಟ ಹತ್ತಿದವ್ರಿಗೆ ಒಂದಲ್ಲಾ ಒಂದು ದಿನ ಈ ತಲೆನೋವು ಶುರುವಾಗೇ ಆಗತ್ತೆ. ಯೂಟ್ಯೂಬಲ್ಲೋ ಸ್ಪಾಟಿಫೈಲೋ ಹಾಡಿದವ್ರ ಹೆಸರು ದಪ್ಪಕ್ಷರದಲ್ಲಿ ಇರತ್ತೆ, ಪಕ್ಕದಲ್ಲಿ ಕೂತು ಇಡೀ ಹಾಡನ್ನ ಎತ್ತಿ ಹಿಡಿದಿರೋ ಗಿಟಾರ್‌ನವ್ರು ಯಾರು ಅಂತ ಒಂದಕ್ಷರ ಇರಲ್ಲ, ಇದ್ರೂ ಮೂರು ಕಡೆ ಮೂರು ಹೆಸರು. ನಮ್ಮ ಚಿಕ್ಕಪ್ಪ ಮೃದಂಗದವ್ರು, ಅಗ್ರಹಾರದಲ್ಲಿ ಪಾಠ ಹೇಳ್ತಾರೆ, ಅವ್ರ ಹತ್ರ ಈ ಗೋಳು ಹೇಳ್ಕೊಂಡ್ರೆ "ಇದೇನು ಸ್ಪೇನ್‌ನವ್ರ ಕಥೆ ಮಾತ್ರ ಅನ್ಕೊಂಡ್ಯೇನೋ, ನಮ್ಮ ಪ್ಲೇಟುಗಳನ್ನೇ ತೆಗ್ದು ನೋಡು, ಮೃದಂಗ ಯಾರ್ದು ಅಂತ ಎಷ್ಟರ ಮೇಲೆ ಬರ್ದಿದಾರೆ ಹೇಳು" ಅಂದ್ರು. ಮಾತು ನಿಜ, ಪಕ್ಕವಾದ್ಯದವ್ರ ಪಾಡು ಎಲ್ಲಾ ಕಡೆ ಒಂದೇ.

ಮೈಸೂರಲ್ಲೇ ಕೂತ್ಕೊಂಡು, ಸ್ಪೇನಿಗೆ ಹೋಗ್ದೇ, ದುಡ್ಡೂ ಸುರೀದೇ ಇದನ್ನ ಹುಡುಕೋದು ಹೇಗೆ ಅಂತ ಬರೀತಿದೀನಿ. ನಾನು ಪಾಲಿಸೋದು ಇಷ್ಟೇ, ಕಾಪಿ ಮೇಲೆ ಇರೋ ಹೆಸರನ್ನ ನಂಬಲ್ಲ, ಮೂಲ ಪ್ಲೇಟು ಎಲ್ಲಿದೆ ಅಂತ ಹುಡುಕ್ತೀನಿ, ಅದರ ಮೇಲೆ ಕೆತ್ತಿರೋ ನಂಬರ್ ಹಿಡೀತೀನಿ, ಕಿವಿಯಿಂದ ಗುರುತು ಹಿಡಿಯೋ ಕೆಲಸ ಕೊನೇಗೆ. ಗಿಟಾರ್ ಬರೋ ಹುಡುಗ್ರು ಸಾಮಾನ್ಯವಾಗಿ ಇದನ್ನ ಉಲ್ಟಾ ಮಾಡ್ತಾರೆ, ಎರಡು ಸಲ ಕೇಳಿ "ಇದು ಪಕ್ಕಾ ಮೊಂತೋಯಾ ಗುರು" ಅಂತ ಯಾರೋ ದೊಡ್ಡ ಗಿಟಾರ್ ವಾದಕರ ಹೆಸರು ಹೇಳ್ಬಿಟ್ಟು ಆಮೇಲೆ ಅದಕ್ಕೆ ಸಾಕ್ಷಿ ಹುಡುಕೋಕೆ ಹೊರಡ್ತಾರೆ. ಹಂಗೆ ಹೊರಟ್ರೆ ಸಾಕ್ಷಿ ಸಿಕ್ಕೇ ಸಿಗತ್ತೆ ಬಿಡಿ, ತಪ್ಪಾಗಿದ್ರೂ ಸಿಗತ್ತೆ.

ಮೊದ್ಲು ಸ್ವಲ್ಪ ತಯಾರಿ. ಫ್ಲಮೆಂಕೊದಲ್ಲಿ ಹಾಡಿಗೆ ಕಾಂತೆ ಅಂತಾರೆ, ಗಿಟಾರ್ ನುಡಿಸೋದಕ್ಕೆ ತೋಕೆ. ಹಾಡಿನ ಪ್ರಕಾರಗಳಿಗೆ ಪಾಲೊ ಅಂತಾರೆ, ಸೋಲೆಯಾ, ಸೆಗಿರಿಯಾ, ಬುಲೆರಿಯಾ, ಮಲಗೇನ್ಯಾ, ತರಾಂತಾ, ಫಂದಾಂಗೊ ಹೀಗೆ ತುಂಬಾ ಇವೆ. ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಇದು ಪೂರ್ತಿ ಹೊಸದೇನಲ್ಲ, ಇವುಗಳಲ್ಲಿ ತುಂಬಾ ಪಾಲೊಗಳ ಸ್ವರಗಳು ಹನುಮತೋಡಿ ಮೇಳದ್ದೇ, ಗಾಂಧಾರ ಮೇಲಿನದಾದಾಗ ವಕುಳಾಭರಣದ ಹತ್ರ ಬಂದ್ಬಿಡತ್ತೆ, ಗಮಕ ಮಾತ್ರ ಬೇರೆ ಥರ. ಸೋಲೆಯಾಗೆ ಹನ್ನೆರಡು ಎಣಿಕೆಯ ಆವರ್ತ, ಅದ್ರಲ್ಲಿ 3, 6, 8, 10, 12ಕ್ಕೆ ಒತ್ತು. ಕೈಯಲ್ಲಿ ತಾಳ ಹಾಕ್ಕೊಂಡು ಒಂದಿಷ್ಟು ದಿನ ಕೇಳಿದ್ರೆ ಯಾವ ಪಾಲೊ ಅಂತ ಗೊತ್ತಾಗೋಕೆ ಶುರುವಾಗತ್ತೆ, ಅಷ್ಟು ಗೊತ್ತಾದ್ರೆ ಹುಡುಕಾಟಕ್ಕೆ ಸಾಕು.

ಇದಕ್ಕಿಂತ ಮುಖ್ಯ ಅಂದ್ರೆ ಯಾರ ಜೊತೆ ಯಾರು ಯಾವ ಕಾಲದಲ್ಲಿ ನುಡಿಸ್ತಿದ್ರು ಅನ್ನೋ ಒಂದು ಅಂದಾಜು ತಲೇಲಿ ಇರ್ಬೇಕು. ಉದಾಹರಣೆಗೆ ಆಂತೋನಿಯೊ ಚಕೋನ್ ಅನ್ನೋ ಗಾಯಕರು. 1909ರ ಪ್ಲೇಟುಗಳಲ್ಲಿ ಅವ್ರಿಗೆ ಗಿಟಾರ್ ಹುವಾನ್ ಗಾಂದುಯಾ, ಅಡ್ಡಹೆಸರು ಆಬಿಚುಯೆಲಾ. 1913ಕ್ಕೆ ಬಂದ್ರೆ ರಾಮೋನ್ ಮೊಂತೋಯಾ. ಹೆರೆಸ್ ಊರಿನ ಗಾಯಕ ಮಾನುವೆಲ್ ತೊರ್ರೆ 1909ರಲ್ಲಿ ಅದೇ ಆಬಿಚುಯೆಲಾ ಜೊತೆ ಹಾಡಿದಾರೆ, ಇಪ್ಪತ್ತರ ದಶಕದ ಕೊನೆಗೆ ಮಿಗೆಲ್ ಬೊರ್ರುಲ್ ಜೊತೆ, 1931ರಲ್ಲಿ ಅವ್ರ ಊರಿನವ್ರೇ ಆದ ಹಾವಿಯೆರ್ ಮೊಲಿನಾ ಜೊತೆ. ಇನ್ನು ಪಾಸ್ತೊರಾ ಪಾವೋನ್, ಲಾ ನಿನ್ಯಾ ದೆ ಲೋಸ್ ಪೆಯಿನೆಸ್ ಅಂತ ಜಗತ್ತಿಗೇ ಗೊತ್ತಿರೋ ಗಾಯಕಿ, ಅವ್ರದ್ದು ಇನ್ನೂರೈವತ್ತಕ್ಕೂ ಜಾಸ್ತಿ ಹಾಡು ರೆಕಾರ್ಡ್ ಆಗಿವೆ, ಅದ್ರಲ್ಲಿ ಮೊಂತೋಯಾ, ಲೂಯಿಸ್ ಮೊಲಿನಾ, ನಿನ್ಯೊ ರಿಕಾರ್ದೊ, ಮೆಲ್ಚೋರ್ ದೆ ಮಾರ್ಚೆನಾ ಅಂತ ಗಿಟಾರ್‌ನವ್ರು ಬದಲಾಗ್ತಾ ಹೋಗ್ತಾರೆ. ಆಯಮ್ಮನ ತಮ್ಮ ತೊಮಾಸ್ ಪಾವೋನ್ ಹಾಡಿದ್ದೇ ಕಡಿಮೆ, ಕೊನೆ ಕೊನೆಯ ಪ್ಲೇಟುಗಳು ಮೆಲ್ಚೋರ್ ಜೊತೆ. ಹಿಂಗೆ ಒಂದು ಪಟ್ಟಿ ಇದ್ರೆ ಹಾಡುಗಾರ ಯಾರು, ರೆಕಾರ್ಡಿಂಗ್ ಯಾವ ಕಾಲದ್ದು ಅಂತ ಗೊತ್ತಾದ ತಕ್ಷಣ ಗಿಟಾರ್‌ಗೆ ಎರಡು ಮೂರು ಹೆಸರು ಮಾತ್ರ ಉಳ್ಕೊಳತ್ತೆ. ಅಂದ್ರೆ ವರ್ಷ ಗೊತ್ತು ಮಾಡ್ಕೊಳೋದೇ ಅರ್ಧ ಕೆಲಸ.

ಹುಡುಕೋವಾಗ ಸ್ಪ್ಯಾನಿಷ್ ಕಾಗುಣಿತದಲ್ಲೇ ಹುಡುಕಿ, ಇಂಗ್ಲಿಷಲ್ಲಿ "ಓಲ್ಡ್ ಫ್ಲಮೆಂಕೊ ಗಿಟಾರ್" ಅಂತ ಟೈಪ್ ಮಾಡಿದ್ರೆ ಹೋಟ್ಲಲ್ಲಿ ಹಾಕೋ ಮ್ಯೂಸಿಕ್ ಬರತ್ತೆ ಅಷ್ಟೇ. ಎನ್ ಅಕ್ಷರದ ಮೇಲಿನ ಅಲೆ ಗೆರೆ, ಸ್ವರಾಕ್ಷರದ ಮೇಲಿನ ಒತ್ತಿನ ಗೆರೆ ಇದ್ರೆ ಒಳ್ಳೇದು, ಇಲ್ದೇನೂ ಒಂದ್ಸಲ ಹುಡುಕಿ, ಯಾಕಂದ್ರೆ ಅಪ್‌ಲೋಡ್ ಮಾಡೋರೂ ನಮ್ಮ ಥರಾನೇ ಸೋಮಾರಿಗಳು. ಪಾಲೊ ಹೆಸರೂ ಒಂದೇ ಥರ ಇರಲ್ಲ, ಸೆಗಿರಿಯಾ ಅನ್ನೋದನ್ನ ಹಳೇ ಲೇಬಲ್‌ಗಳಲ್ಲಿ ಸಿಗಿರಿಯಾಸ್ ಅಂತ ಹಾಕಿರ್ತಾರೆ, ಸೆಗಿದಿಯಾಸ್ ಹಿತಾನಾಸ್ ಅಂತಾನೂ ಹಾಕಿರ್ತಾರೆ, ಸೋಲೆಯಾ ಸೊಲೆಯಾರೆಸ್ ಆಗಿರತ್ತೆ, ಗ್ರನಾಯಿನಾ ಗ್ರನಾದಿನಾಸ್ ಆಗಿರತ್ತೆ. ಆದ್ರೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡೋದು ಹಾಡಿನ ಮೊದಲ ಸಾಲು. ಹಳೇ ಪ್ಲೇಟಿನ ಲೇಬಲ್ ಮೇಲೆ ಪಾಲೊ ಜೊತೆ ಸಾಹಿತ್ಯದ ಮೊದಲ ಸಾಲನ್ನೂ ಹಾಕೋ ರೂಢಿ ಇತ್ತು, ನಮ್ಮಲ್ಲಿ ರಾಗದ ಹೆಸರು ಹಾಕಿ ಪಲ್ಲವಿ ಹಾಕ್ದಂಗೆ. ಸ್ಪ್ಯಾನಿಷ್ ಬರಲ್ಲ ಅಂದ್ರೂ ಪರವಾಗಿಲ್ಲ, ಕಿವಿಗೆ ಬಿದ್ದ ಮೂರ್ನಾಲ್ಕು ಪದ ಅಂದಾಜಲ್ಲಿ ಟೈಪ್ ಮಾಡಿ, ಉದ್ಧರಣ ಚಿಹ್ನೆ ಒಳಗೆ ಹಾಕಿ, ಹಾಡುಗಾರರ ಹೆಸರು ಸೇರ್ಸಿ ಹುಡುಕಿ. ಒಂದು ಎಚ್ಚರಿಕೆ ಏನಂದ್ರೆ ಈ ಸಾಹಿತ್ಯದ ಪದಗಳು ಯಾರಪ್ಪನ ಆಸ್ತಿನೂ ಅಲ್ಲ, ಒಂದೇ ಸಾಲನ್ನ ಹತ್ತು ಜನ ಹಾಡಿರ್ತಾರೆ, ಅದೇ ಗಾಯಕಿ ಹತ್ತು ವರ್ಷ ಬಿಟ್ಟು ಬೇರೆ ಗಿಟಾರ್‌ನವ್ರ ಜೊತೆ ಮತ್ತೆ ಹಾಡಿರ್ತಾರೆ. ಸಾಲು ಹೊಂದಿತು ಅಂದ ಮಾತ್ರಕ್ಕೆ ಅದೇ ರೆಕಾರ್ಡಿಂಗ್ ಅಂತಲ್ಲ.

ಹೆಸರುಗಳ ಗೊಂದಲ ಬೇರೆ. ಫ್ಲಮೆಂಕೊದಲ್ಲಿ ಅಸಲಿ ಹೆಸರಲ್ಲಿ ನುಡಿಸೋರೇ ಕಡಿಮೆ. ನಿನ್ಯೊ ರಿಕಾರ್ದೊ ಅವ್ರ ನಿಜ ಹೆಸರು ಮಾನುವೆಲ್ ಸೆರ್ರಾಪಿ. ಮಾನೊಲೊ ದೆ ಉವೆಲ್ವಾ ಅಂತ ಆಮೇಲೆ ಹೆಸರಾದವ್ರು ಹಳೇ ಕಡೆಯೆಲ್ಲಾ ನಿನ್ಯೊ ದೆ ಉವೆಲ್ವಾ. ಊರಿನ ಹೆಸರು ಅಂಟ್ಕೊಂಡಿರೋದು ನಮಗೂ ಗೊತ್ತಿರೋದೇ, ನಮ್ಮ ಪಿಟೀಲು ಚೌಡಯ್ಯನವ್ರ ಇನಿಶಿಯಲ್ ಟಿ ಅಂದ್ರೆ ತಿರುಮಕೂಡಲು. ಆದ್ರೆ ಅಲ್ಲಿ ಇನ್ನೂ ಒಂದು ಕಾಟ ಇದೆ, ಅಡ್ಡಹೆಸರು ವಂಶಪಾರಂಪರ್ಯವಾಗಿ ಬರತ್ತೆ, ಸಂಬಂಧ ಇಲ್ದೇ ಇರೋರಿಗೂ ಬರತ್ತೆ. ಮೇಲೆ ಹೇಳಿದ 1909ರ ಆಬಿಚುಯೆಲಾಗೂ, ಗ್ರನಾದಾ ಊರಿನ ಹುವಾನ್ ಆಬಿಚುಯೆಲಾ, ಪೆಪೆ ಆಬಿಚುಯೆಲಾ ಅಣ್ಣತಮ್ಮಂದಿರಿಗೂ ಗಂಟು ಹಾಕ್ಬೇಡಿ, ಇವ್ರ ಮನೆತನ ಬೇರೆ, ಕಾಲಾನೇ ಬೇರೆ, ಹುವಾನ್ ಹುಟ್ಟಿದ್ದೇ 1933ರಲ್ಲಿ. ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ಈ ವ್ಯತ್ಯಾಸ ತಿಳಿಯಲ್ಲ, ಒಂದೇ ಹೆಸರು ಕಂಡ್ರೆ ಎಲ್ಲಾನೂ ಒಂದೇ ಪೇಜಿಗೆ ತುರುಕತ್ತೆ. ಮಿಗೆಲ್ ಬೊರ್ರುಲ್ ಅಂದ್ರೆ ಅಪ್ಪನೂ ಹೌದು ಮಗನೂ ಹೌದು, ಪೆರಿಕೊ ದೆಲ್ ಲುನಾರ್ ಅಂದ್ರೂ ಅಷ್ಟೇ. ಕಾರ್ಲೊಸ್ ಮೊಂತೋಯಾ ರಾಮೋನ್ ಮೊಂತೋಯಾರ ನೆಫ್ಯೂ, ಅಮೇರಿಕಾದಲ್ಲಿ ನೆಲೆ ನಿಂತು ಸೋಲೋ ಎಲ್‌ಪಿ ಲೆಕ್ಕ ಇಲ್ದಷ್ಟು ಮಾಡಿದವ್ರು, ಬರೀ "ಮೊಂತೋಯಾ" ಅಂತ ಇದ್ರೆ ಯಾವ ಮೊಂತೋಯಾ ಅಂತ ಕೇಳ್ಕೊಳ್ಳಿ. ಪಾಕೊ ದೆ ಲುಸಿಯಾ ಹುಡುಗನಾಗಿದ್ದಾಗ ಅಣ್ಣ ಪೆಪೆ ಹಾಡ್ತಾ ಇವ್ರು ನುಡಿಸ್ತಾ ಇಬ್ಬರೂ ಸೇರಿ ಮಾಡಿರೋ ರೆಕಾರ್ಡುಗಳು ಅವ್ರ ಹೆಸರಲ್ಲಿ ಹುಡುಕಿದ್ರೆ ಸುಲಭಕ್ಕೆ ಸಿಗಲ್ಲ, ಲೋಸ್ ಚಿಕಿತೋಸ್ ದೆ ಅಲ್ಹೆಸಿರಾಸ್ ಅಂತ ಹುಡುಕ್ಬೇಕು.

ಈಗ ಅಸಲಿ ವಿಷ್ಯಕ್ಕೆ ಬರೋಣ, ಪ್ಲೇಟು. 78 ಸ್ಪೀಡಿನ ಅರಗಿನ ಪ್ಲೇಟಲ್ಲಿ ನೋಡ್ಬೇಕಾದ ನಂಬರ್ ಎರಡು. ಲೇಬಲ್ ಮೇಲೆ ಅಚ್ಚಾಗಿರೋದು ಕ್ಯಾಟಲಾಗ್ ನಂಬರ್, ಅಂಗಡಿಯವ್ರಿಗೆ ಮಾರೋಕೆ ಕೊಟ್ಟಿದ್ದು. ಹಾಡಿನ ಗೀರು ಮುಗಿದು ಲೇಬಲ್ ಶುರುವಾಗೋ ಮಧ್ಯೆ ಒಂದು ಖಾಲಿ ಪಟ್ಟಿ ಇರತ್ತಲ್ಲ, ಅಲ್ಲಿ ಕೆತ್ತಿರೋದೋ ಒತ್ತಿರೋದೋ ಇನ್ನೊಂದು ನಂಬರ್ ಇರತ್ತೆ, ಅದು ಮ್ಯಾಟ್ರಿಕ್ಸ್ ನಂಬರ್, ರೆಕಾರ್ಡಿಂಗ್ ಮಾಡಿದಾಗ ಕೊಟ್ಟಿದ್ದು. ನಮಗೆ ಚಿನ್ನ ಅಂದ್ರೆ ಇದೇ. ಯಾಕೆ ಅಂದ್ರೆ ಆ ಕಾಲದಲ್ಲಿ ಕಂಪನಿಯವ್ರು ಒಂದು ಊರಿಗೆ ಯಂತ್ರ ತಂದು ಕೂತ್ರೆ ಒಬ್ಬ ಹಾಡುಗಾರರ ಕೈಲಿ ಒಂದೇ ಸಲಕ್ಕೆ ಹಲವಾರು ಹಾಡು ಮುಗಿಸ್ಕೊಂಡು ಎದ್ದೋಗ್ತಿದ್ರು, ಒಂದೊಂದೂ ಮೂರು ನಿಮಿಷದ್ದು, ಗಿಟಾರ್‌ನವ್ರು ಸಾಮಾನ್ಯವಾಗಿ ಅವ್ರೇ, ಮ್ಯಾಟ್ರಿಕ್ಸ್ ನಂಬರ್ ಸಾಲಾಗಿ ಒಂದಾದ್ಮೇಲೊಂದು. ಆ ಸಾಲಲ್ಲಿ ಒಂದು ಹಾಡಿನ ಲೇಬಲ್ ಮೇಲೆ ಗಿಟಾರ್‌ನವ್ರ ಹೆಸರು ಇದ್ದು, ಮುಂದಿನ ಹಾಡಿನ ಲೇಬಲ್ ಮೇಲೆ ಬರೀ "ಕೋನ್ ಗಿತಾರ್ರಾ", ಅಂದ್ರೆ ಗಿಟಾರ್ ಜೊತೆ, ಅಂತ ಮಾತ್ರ ಇದ್ರೆ, ಎರಡೂ ಒಂದೇ ಕೈ ಅನ್ನೋಕೆ ಗಟ್ಟಿ ಆಧಾರ ಸಿಕ್ತು. ಕ್ಯಾಟಲಾಗ್ ನಂಬರ್ ಹಿಡ್ಕೊಂಡು ಈ ಲೆಕ್ಕ ಹಾಕೋಕಾಗಲ್ಲ, ಒಂದೇ ಪ್ಲೇಟಿನ ಎರಡು ಮಗ್ಗುಲು ಬೇರೆ ಬೇರೆ ಸಲ ರೆಕಾರ್ಡ್ ಆಗಿದ್ದನ್ನ ಜೋಡ್ಸಿರೋದೂ ಉಂಟು, ಮುಂದಿನ ಮಗ್ಗುಲಲ್ಲಿ ಒಬ್ಬರು ಹಿಂದಿನ ಮಗ್ಗುಲಲ್ಲಿ ಇನ್ನೊಬ್ಬರು ನುಡಿಸಿರ್ಬೋದು.

ಒಂದು ಉದಾಹರಣೆ ತಗೊಂಡು ನೋಡೋಣ. ಯಾರೋ ಪುಣ್ಯಾತ್ಮರು ಮಾನುವೆಲ್ ತೊರ್ರೆ ಸೆಗಿರಿಯಾ ಅಂತ ಅಪ್‌ಲೋಡ್ ಮಾಡಿದಾರೆ, ಗಿಟಾರ್ ಹೆಸರಿಲ್ಲ, ಕವರ್ ಫೋಟೊ ಯಾವುದೋ ಸಿಡಿಯದ್ದು. ಮೊದ್ಲು ಸೌಂಡ್ ಕೇಳಿ. ಗಿಟಾರ್ ಎಲ್ಲೋ ಪಕ್ಕದ ಮನೆಯಿಂದ ಬರ್ತಿರೋ ಥರ ತೆಳುವಾಗಿದ್ಯಾ, ಹಾಡು ತಗಡಿನ ಕೊಳವೆ ಒಳಗಿಂದ ಬಂದಂಗಿದ್ಯಾ, ಹಂಗಿದ್ರೆ ಮೈಕ್ ಇಲ್ದೇ ಯಂತ್ರದ ಕೊಂಬಿನ ಮುಂದೆ ನಿಂತು ಹಾಡಿದ ಕಾಲದ್ದು, ಅಂದ್ರೆ 1909ರ ಗುಂಪಿನ ಕಡೆ ವಾಲತ್ತೆ, ಆಬಿಚುಯೆಲಾ. ಗಿಟಾರ್‌ನ ಕೆಳಗಿನ ತಂತಿ ಗುಂಯ್ ಅಂತ ತುಂಬಿ ಕೇಳತ್ತೆ, ಉಸಿರು ಎಳೆಯೋದೂ ಕೇಳತ್ತೆ ಅಂದ್ರೆ ಮೈಕ್ ಬಂದ ಮೇಲಿಂದು, 1925ರ ಆಚೆಗಿನ ಎಲೆಕ್ಟ್ರಿಕ್ ರೆಕಾರ್ಡಿಂಗ್, ಆಗ ಬೊರ್ರುಲ್ಲೋ ಮೊಲಿನಾನೋ ಅನ್ನೋ ಪ್ರಶ್ನೆ ಉಳಿಯತ್ತೆ. ಇಲ್ಲಿ ಕಿವಿ ಬಿಟ್ಟು, ರೆಕಾರ್ಡುಗಳ ವಿವರನ ಬಳಸೋರೇ ಸೇರ್ಸೋ ವೆಬ್‌ಸೈಟ್ ಆದ ಡಿಸ್ಕಾಗ್ಸ್‌ಗೆ ಹೋಗಿ, ಹಾಡುಗಾರರ ಪೇಜಲ್ಲಿ ವರ್ಷದ ಪ್ರಕಾರ ಜೋಡ್ಸಿ, ಸಿಡಿ ಕಲೆಕ್ಷನ್‌ಗಳನ್ನೆಲ್ಲಾ ಪಕ್ಕಕ್ಕೆ ತಳ್ಳಿ ಅರಗಿನ ಪ್ಲೇಟು ಅಂತ ಇರೋದನ್ನ ಮಾತ್ರ ತೆಗೀರಿ. ಸಾಹಿತ್ಯದ ಮೊದಲ ಸಾಲು ಹೊಂದೋ ಪ್ಲೇಟು ಸಿಕ್ರೆ ಟೈಪ್ ಮಾಡಿರೋ ಮಾಹಿತಿ ಓದ್ಬೇಡಿ, ಫೋಟೊ ಓಪನ್ ಮಾಡಿ, ಲೇಬಲ್‌ನ ಝೂಮ್ ಮಾಡಿ. ಹೆಸರು ಲೇಬಲ್ ಕೆಳಗಡೆ ಸಣ್ಣಕ್ಷರದಲ್ಲಿ ಇರತ್ತೆ, "ಅಕೊಂಪ್" (ಪಕ್ಕವಾದ್ಯ ಅಂತ ಅರ್ಥ) ಅಂತ ಮೊಟಕಾಗಿ ಬರ್ದು ಪಕ್ಕದಲ್ಲಿ. ಸೌಂಡ್, ಸಾಲು, ಲೇಬಲ್ ಮೂರೂ ಒಂದಕ್ಕೊಂದು ಹೊಂದಿದ್ರೆ ಮುಗೀತು, ಕೇಸ್ ಕ್ಲೋಸ್.

ಹೊಂದ್ದೇ ಇದ್ರೆ ಏನು? ಬಹಳಷ್ಟು ಸಲ ಆಗೋದು ಏನಂದ್ರೆ ಸಿಡಿ ಕಂಪನಿಯವ್ರು ಒಬ್ಬ ಹಾಡುಗಾರರ ಎಲ್ಲಾ ಕಾಲದ ಹಾಡು ಕಲಸಿ ಹಾಕಿ, ಹಿಂದೆ "ಗಿಟಾರ್" ಅಂತ ನಾಲ್ಕು ಹೆಸರು ಒಟ್ಟಿಗೆ ಹಾಕಿರ್ತಾರೆ, ಯಾವ ಹಾಡಿಗೆ ಯಾರು ಅಂತ ಇಲ್ಲ. ಸ್ಟ್ರೀಮಿಂಗ್‌ಗೆ ಏರ್ಸೋರು ಆ ನಾಲ್ಕರಲ್ಲಿ ಮೊದಲನೇ ಹೆಸರನ್ನ ಎಲ್ಲಾ ಹಾಡಿಗೂ ಅಂಟಿಸ್ಬಿಡ್ತಾರೆ. ಒಂದು ಸಲ ಹಿಂಗಾದ್ರೆ ಆಮೇಲೆ ಅದನ್ನೇ ನೋಡಿ ಐವತ್ತು ಚಾನೆಲ್ಲವ್ರು ಬರ್ಕೊಂತಾರೆ, ಐವತ್ತು ಕಡೆ ಇದೆ ಅಂತ ನಾವು ನಂಬ್ತೀವಿ. ಐವತ್ತೂ ಒಂದೇ ಬಾವಿ ನೀರು ಅನ್ನೋದು ನೆನಪಿರ್ಲಿ.

ಎಲ್‌ಪಿ ಕಾಲದ್ದು ಆದ್ರೆ ಸ್ವಲ್ಪ ಸಲೀಸು. ಸ್ಪೇನ್‌ನಲ್ಲಿ 1950ರ ದಶಕದ ಕೊನೆಯಿಂದ ರೆಕಾರ್ಡ್ ಕವರ್ ಮೇಲೆ ದೆಪೋಸಿತೊ ಲೆಗಾಲ್ ಅಂತ ಒಂದು ಸರ್ಕಾರಿ ನಂಬರ್ ಹಾಕೋ ಪದ್ಧತಿ ಬಂತು, ಮುಂದೆ ಎಂ ಇದ್ರೆ ಮ್ಯಾಡ್ರಿಡ್, ಬಿ ಇದ್ರೆ ಬಾರ್ಸಿಲೋನಾ, ಕೊನೇಲಿ ವರ್ಷ. ಕವರ್ ಹಿಂಬದಿ ಮೂಲೇಲಿ ಇರೋ ಆ ಒಂದು ಸಾಲು ನೋಡಿದ್ರೆ ಎಲ್‌ಪಿ ಯಾವ ವರ್ಷದ್ದು ಅಂತ ವಾದನೇ ಬೇಡ, ಆದ್ರೆ ಅದು ಆ ಪ್ರೆಸ್ಸಿಂಗಿನ ವರ್ಷ, ಹಾಡು ಅದಕ್ಕಿಂತ ಹಳೇದಿರ್ಬೋದು. ಎಲ್‌ಪಿಗಳಲ್ಲಿ ಗಿಟಾರ್‌ನವ್ರ ಹೆಸರು ಕವರ್ ಮೇಲೇ ಬರೋದು ಜಾಸ್ತಿ ಆಯ್ತು, ಗಾಯಕ ಮಾನೊಲೊ ಕರಕೋಲ್ ಅವ್ರ 1958ರ ಎಲ್‌ಪಿಗಳಿಗೆ ಮೆಲ್ಚೋರ್, 1954ರಲ್ಲಿ ಫ್ರಾನ್ಸಿನಲ್ಲಿ ಹೊರಬಂದ ದೊಡ್ಡ ಆಂತೊಲೊಹಿಯಾದಲ್ಲಿ, ಅಂದ್ರೆ ಹಾಡುಗಳ ಸಂಕಲನದಲ್ಲಿ, ಹಾಡಿದವ್ರು ಬೇಕಾದಷ್ಟು ಜನ ಆದ್ರೂ ಗಿಟಾರ್ ಪೆರಿಕೊ ದೆಲ್ ಲುನಾರ್ ಅವ್ರದ್ದೇ. ಅಲ್ಲೂ ಒಂದು ಕಿತಾಪತಿ ಇದೆ, ಎರಡನೇ ಗಿಟಾರ್. ಗಾಯಕ ಕಮರೋನ್ ಮತ್ತೆ ಪಾಕೊ ದೆ ಲುಸಿಯಾ ಜೋಡಿಯ 1969ರಿಂದ 1977ರವರೆಗಿನ ಎಲ್‌ಪಿಗಳಲ್ಲಿ ಪಾಕೊ ಹೆಸರು ಕವರ್ ಮೇಲೆ ಮೆರೀತಿರತ್ತೆ, ಹಿಂದೆ ತಾಳ ಹಿಡ್ಕೊಂಡು ನುಡಿಸ್ತಿರೋದು ಎಷ್ಟೋ ಕಡೆ ಅವ್ರ ಅಣ್ಣ ರಾಮೋನ್ ದೆ ಅಲ್ಹೆಸಿರಾಸ್. ಹೆಡ್‌ಫೋನ್ ಹಾಕ್ಕೊಂಡು ಬಲಕ್ಕೆ ಎಡಕ್ಕೆ ಬೇರೆ ಬೇರೆ ಕೇಳಿದ್ರೆ ಎರಡು ಕೈ ಬೇರೆ ಅಂತ ಗೊತ್ತಾಗತ್ತೆ. 1979ರ ಎಲ್‌ಪಿಯಿಂದ ಕಮರೋನ್‌ಗೆ ಗಿಟಾರಿಗೆ ತೊಮಾತಿತೊ ಬಂದ್ರು.

ಎಲ್ಲೆಲ್ಲಿ ಹುಡುಕ್ಬೇಕು ಅಂದ್ರೆ, ಡಿಸ್ಕಾಗ್ಸ್ ಹೇಳ್ದೆ. ಸ್ಪೇನ್‌ನ ರಾಷ್ಟ್ರೀಯ ಗ್ರಂಥಾಲಯದ ಡಿಜಿಟಲ್ ವಿಭಾಗ ಇದೆ, ಬಿಬ್ಲಿಯೊತೆಕಾ ದಿಹಿತಾಲ್ ಇಸ್ಪಾನಿಕಾ ಅಂತ, ಅಲ್ಲಿ ಅರಗಿನ ಪ್ಲೇಟುಗಳನ್ನ ಡಿಜಿಟೈಸ್ ಮಾಡಿ ಹಾಕಿದಾರೆ, ದುಡ್ಡು ಕೇಳಲ್ಲ, ಕೇಳ್ಬೋದು, ಜೊತೆಗೆ ವಿವರನೂ ಲೈಬ್ರರಿಯವ್ರೇ ಬರ್ದಿರ್ತಾರೆ, ಯೂಟ್ಯೂಬ್‌ಗಿಂತ ನಂಬ್ಬೋದು. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಯೂನಿವರ್ಸಿಟಿಯವ್ರು ನಡೆಸೋ ಹಳೇ ಅಮೇರಿಕನ್ ರೆಕಾರ್ಡಿಂಗ್‌ಗಳ ಡಿಸ್ಕೋಗ್ರಫಿಲಿ ಮ್ಯಾಟ್ರಿಕ್ಸ್ ನಂಬರ್ ಹಾಕಿದ್ರೆ ತಾರೀಖು, ಊರು, ಜೊತೆಗೆ ನುಡಿಸಿದವ್ರು ಅಂತ ಬರತ್ತೆ, ಸ್ಪೇನ್‌ನ ಎಷ್ಟೋ ಪ್ಲೇಟುಗಳು ಅಮೇರಿಕಾದಲ್ಲಿ ವಿಕ್ಟರ್ ಲೇಬಲ್ಲಲ್ಲೂ ಬಂದಿದ್ವು, ಹಂಗಾಗಿ ಉಪಯೋಗಕ್ಕೆ ಬರತ್ತೆ. ಇಂಟರ್ನೆಟ್ ಆರ್ಕೈವ್‌ನಲ್ಲಿ 78ರ ಪ್ಲೇಟುಗಳ ದೊಡ್ಡ ರಾಶಿನೇ ಇದೆ, ಲೇಬಲ್ ಫೋಟೊ ಸಮೇತ. ಜಾನಪದ ಹಾಡು ಸಂಗ್ರಹಿಸ್ತಿದ್ದ ಅಮೇರಿಕಾದ ಅಲನ್ ಲೋಮ್ಯಾಕ್ಸ್ 1952-53ರಲ್ಲಿ ಸ್ಪೇನ್ ಸುತ್ತಿ ಮಾಡಿದ ರೆಕಾರ್ಡಿಂಗ್‌ಗಳು ಆನ್‌ಲೈನಲ್ಲಿ ಇವೆ, ಊರು, ತಾರೀಖು ಎಲ್ಲಾ ಬರ್ದಿಟ್ಟಿದಾರೆ, ಎಲ್ಲರೂ ಹಿಂಗಿದ್ದಿದ್ರೆ ನನಗೆ ಇದನ್ನ ಬರಿಯೋ ಕೆಲಸನೇ ಇರ್ತಿರ್ಲಿಲ್ಲ. ಕೊನೇದಾಗಿ ಹೆರೆಸ್ ಊರಿನ ಆಂದಾಲೂಸಿಯಾ ಫ್ಲಮೆಂಕೊ ದಾಖಲೆ ಕೇಂದ್ರ, ಪೆಮಾರ್ತೀನ್ ಅರಮನೇಲಿ ಇರೋದು. ಅವ್ರಿಗೆ ಮೇಲ್ ಮಾಡ್ಬೇಕಾದ್ರೆ ಒಂದು ಮೇಲಲ್ಲಿ ಒಂದೇ ಪ್ಲೇಟು, ಕ್ಯಾಟಲಾಗ್ ನಂಬರ್, ಮ್ಯಾಟ್ರಿಕ್ಸ್ ನಂಬರ್, ನಿಮ್ಮ ಪ್ರಶ್ನೆ ಒಂದೇ ಸಾಲಲ್ಲಿ, ಸ್ಪ್ಯಾನಿಷಲ್ಲಿ, ಟ್ರಾನ್ಸ್‌ಲೇಟ್ ಹಾಕಿದ್ದಾದ್ರೂ ಸೈ. "ಫ್ಲಮೆಂಕೊ ಬಗ್ಗೆ ಮಾಹಿತಿ ಕೊಡಿ" ಅಂತ ಬರ್ದ್ರೆ ಯಾವ ಆಫೀಸಲ್ಲೂ ಉತ್ತರ ಬರಲ್ಲ, ನಮ್ಮಲ್ಲೂ ಬರಲ್ಲ.

ಈಗ ಕಿವಿ. ಲೇಬಲ್ಲೂ ಇಲ್ಲ, ಮ್ಯಾಟ್ರಿಕ್ಸೂ ಇಲ್ಲ, ಬರೀ ಆಡಿಯೊ ಇದೆ ಅಂದ್ರೆ ಮಾತ್ರ ಇದಕ್ಕೆ ಇಳೀರಿ. ಮೊದಲನೇ ಸಾಕ್ಷಿ ಪ್ಲೇಟಿನ ಒಳಗೇ ಇರತ್ತೆ. ಫ್ಲಮೆಂಕೊದಲ್ಲಿ ಹಾಡ್ತಾ ಇರೋವಾಗ ಪಕ್ಕದಲ್ಲಿರೋರು ಭೇಷ್ ಅನ್ನೋ ಥರ ಕೂಗ್ತಾರೆ, ಅದಕ್ಕೆ ಹಲೆಯೊ ಅಂತಾರೆ, ಗಿಟಾರ್‌ನವ್ರು ಒಂದು ಒಳ್ಳೇ ತುಣುಕು ನುಡಿಸಿದಾಗ ಅವ್ರ ಹೆಸರು ಹಿಡಿದೇ ಕೂಗ್ತಾರೆ. ಹೆಡ್‌ಫೋನ್ ಹಾಕಿ, ಆಡಾಸಿಟಿ ಅನ್ನೋ ಸೌಂಡ್ ಎಡಿಟ್ ಮಾಡೋ ಸಾಫ್ಟ್‌ವೇರಲ್ಲಿ ಹಾಡಿನ ಸಾಲುಗಳ ನಡುವೆ ಗಿಟಾರ್ ಒಂದೇ ಬರೋ ಜಾಗ ಕತ್ತರಿಸ್ಕೊಂಡು, ವೇಗ ಇಳಿಸಿ, ಲೂಪ್ ಹಾಕಿ ಕೇಳಿ. ಗೊರಗೊರ ಸದ್ದಿನ ಮಧ್ಯೆ "ರಾಮೋನ್" ಅಂತಲೋ "ರಿಕಾರ್ದೊ" ಅಂತಲೋ ಕೇಳಿದ್ರೆ ಅದಕ್ಕಿಂತ ಖುಷಿ ಇಲ್ಲ. ಆದ್ರೆ ಕೂಗು ಹಾಡುಗಾರರಿಗೂ ಇರ್ಬೋದು, ಊರಿಗೂ ಇರ್ಬೋದು, ವೀವಾ ಹೆರೆಸ್ (ಹೆರೆಸ್ ಊರಿಗೆ ಜೈ) ಅಂದ್ರೆ ಗಿಟಾರ್‌ನವ್ರ ಹೆಸರು ಹೆರೆಸ್ ಅಲ್ಲ. ಪ್ಲೇಟಲ್ಲೇ ಹೆಸರು ಹೇಳೋದು ಅಂದಾಗ ಮೈಸೂರಿನವ್ರಿಗೆ ಗೌಹರ್ ಜಾನ್ ನೆನಪಾಗ್ಲೇಬೇಕು, 1902ರಲ್ಲಿ ಕಲ್ಕತ್ತಾದಲ್ಲಿ ಹಾಡಿ ಕೊನೇಲಿ ಇಂಗ್ಲಿಷಲ್ಲಿ ತನ್ನ ಹೆಸರು ತಾನೇ ಹೇಳಿದವ್ರು, ಜರ್ಮನಿಯ ಹ್ಯಾನೋವರ್‌ನಲ್ಲಿ ಪ್ಲೇಟು ಅಚ್ಚು ಹಾಕೋರಿಗೆ ಇದು ಯಾರ ಹಾಡು ಅಂತ ಗೊತ್ತಾಗ್ಲಿ ಅಂತ. ಆಯಮ್ಮ ಕೊನೆಗಾಲದಲ್ಲಿ ನಾಲ್ವಡಿಯವ್ರ ಆಸ್ಥಾನಕ್ಕೆ ಬಂದು 1930ರಲ್ಲಿ ನಮ್ಮೂರಲ್ಲೇ ತೀರ್ಕೊಂಡ್ರು. ಅವ್ರ ಹೆಸರೇನೋ ಪ್ಲೇಟಲ್ಲೇ ಉಳೀತು, ಜೊತೆಗೆ ನುಡಿಸಿದವ್ರು ಯಾರು ಅಂತ ಕೇಳಿದ್ರೆ ಮತ್ತೆ ಅದೇ ಚಿಕ್ಕಪ್ಪನ ಪ್ರಶ್ನೆಗೆ ಬಂದು ನಿಲ್ತೀವಿ.

ಎರಡನೇದು ಶ್ರುತಿ. 78 ಅಂತ ಹೆಸರೇ ಹೊರತು ಹಳೇ ಪ್ಲೇಟುಗಳೆಲ್ಲಾ ಸರಿಯಾಗಿ 78ರಲ್ಲೇ ರೆಕಾರ್ಡ್ ಆಗಿಲ್ಲ, ಸ್ವಲ್ಪ ಹೆಚ್ಚುಕಮ್ಮಿ ಇರತ್ತೆ, ಸುಮಾರು 6 ಪರ್ಸೆಂಟ್ ವ್ಯತ್ಯಾಸ ಆದ್ರೆ ಒಂದು ಸ್ವರಸ್ಥಾನ ಪೂರ್ತಿ ಮೇಲೆ ಕೆಳಗೆ ಆಗೋಗತ್ತೆ. ಹಾಗಾಗಿ ಶ್ರುತಿ ನೋಡಿ ಸೆಹಿಯಾ, ಅಂದ್ರೆ ಗಿಟಾರ್ ಕತ್ತಿಗೆ ಕಟ್ಟೋ ಕೇಪೊ, ಎಷ್ಟನೇ ಮನೇಲಿದೆ ಅಂತ ಲೆಕ್ಕ ಹಾಕೋರು ಹುಷಾರು. ಅದರ ಬದ್ಲು ಬಿಡಿ ತಂತಿ ಎಲ್ಲಿ ಮೊಳಗತ್ತೆ ಅಂತ ಕೇಳಿ. ಸೋಲೆಯಾ ಸಾಮಾನ್ಯವಾಗಿ ಇ ಆಕಾರದಲ್ಲಿ ನುಡಿಸ್ತಾರೆ, ಸೆಗಿರಿಯಾ ಎ ಆಕಾರ, ಗ್ರನಾಯಿನಾಗೆ ಬಿ, ತರಾಂತಾಗೆ ಎಫ್ ಶಾರ್ಪ್, ತರಾಂತಾದಲ್ಲಿ ಬಿಡಿ ತಂತಿಗಳು ಆ ಕಾರ್ಡ್‌ಗೆ ತಗುಲಿ ಒಂಥರಾ ಕಹಿ ಸದ್ದು ಬರತ್ತೆ, ಒಂದ್ಸಲ ಕೇಳಿದ್ರೆ ಮರೆಯಲ್ಲ. ಇದು ಪಾಲೊ ಗುರುತಿಗೆ ಸಹಾಯ ಮಾಡತ್ತೆ, ಗಿಟಾರ್‌ನವ್ರ ಗುರುತಿಗೆ ಅಷ್ಟಾಗಿ ಅಲ್ಲ.

ಗಿಟಾರ್‌ನವ್ರ ಸಹಿ ಇರೋದು ಫಾಲ್ಸೆತಾದಲ್ಲಿ, ಹಾಡಿನ ಸಾಲುಗಳ ಮಧ್ಯೆ ನುಡಿಸೋ ಸಣ್ಣ ತುಣುಕು. ಮೊಂತೋಯಾ ಅವ್ರದ್ದು ಬೆರಳು ಬೆರಳಿನ ಅಲಂಕಾರ, ಟ್ರೆಮೊಲೊ, ಆರ್ಪೆಜಿಯೊ, ಕಛೇರಿ ಗಿಟಾರ್ ಥರ ದುಂಡಗಿನ ನಾದ, 1936ರಲ್ಲಿ ಪ್ಯಾರಿಸ್‌ನಲ್ಲಿ ಅವ್ರು ಸೋಲೋ ನುಡಿಸಿ ರೆಕಾರ್ಡ್ ಮಾಡಿದಾರಲ್ಲ, ಅದನ್ನ ಬಾಯಿಪಾಠ ಆಗೋಷ್ಟು ಕೇಳಿ, ಅದೇ ನಿಮ್ಮ ಅಳತೆಗೋಲು. ಮೆಲ್ಚೋರ್ ಕಡಿಮೆ ನುಡಿಸ್ತಾರೆ, ಹೆಬ್ಬೆರಳಲ್ಲಿ ಎರಡು ಸ್ವರ ಹಾಕಿ ಸುಮ್ನೆ ಕೂತ್ಬಿಡ್ತಾರೆ, ಹಾಡುಗಾರರಿಗೆ ಜಾಗ ಬಿಟ್ಟು. ನನಗೆ ವೈಯಕ್ತಿಕವಾಗಿ ಅವ್ರೇ ಇಷ್ಟ. ದಿಯೆಗೊ ದೆಲ್ ಗಾಸ್ತೋರ್ ಇನ್ನೂ ಒರಟು, ಹೆಬ್ಬೆರಳೇ ಎಲ್ಲಾ. ಆದ್ರೆ ಮರೀಬೇಡಿ, ಫಾಲ್ಸೆತಾನ ಒಬ್ರಿಂದ ಒಬ್ರು ಕಲೀತಾರೆ, ಕದೀತಾರೆ, ನಿನ್ಯೊ ರಿಕಾರ್ದೊ ಫಾಲ್ಸೆತಾಗಳನ್ನ ಒಂದಿಡೀ ತಲೆಮಾರು ನುಡಿಸಿದೆ, ಪಾಕೊ ದೆ ಲುಸಿಯಾ ಕೂಡ ಮೊದ್ಲು ಕಲ್ತಿದ್ದು ಅದನ್ನೇ. ಮಾನೊಲೊ ದೆ ಉವೆಲ್ವಾ ಮಾತ್ರ ಬೇರೆ ಗಿಟಾರ್‌ನವ್ರು ಎದುರಿಗಿದ್ರೆ ತಮ್ಮ ಒಳ್ಳೇ ತುಣುಕು ನುಡಿಸ್ತಾನೇ ಇರ್ಲಿಲ್ಲ ಅಂತ ಹೇಳ್ತಾರೆ. ಒಂದು ಫಾಲ್ಸೆತಾ ಹೊಂದಿದ್ರೆ ಅನುಮಾನ, ಮೂರ್ನಾಲ್ಕು ಹೊಂದಿ ಕಾಲನೂ ಹೊಂದಿದ್ರೆ ಸಾಧ್ಯತೆ, ಅಷ್ಟೇ.

ಪ್ಲೇಟೇ ಆಗದೇ ಇರೋ ರೆಕಾರ್ಡಿಂಗ್‌ಗಳದ್ದು ಬೇರೇನೇ ಲೋಕ. ಈ ದಿಯೆಗೊ ದೆಲ್ ಗಾಸ್ತೋರ್ ಮೊರೋನ್ ಊರು ಬಿಟ್ಟು ಹೋಗಿ ಸ್ಟುಡಿಯೊಲಿ ಕೂರೋ ಆಸಾಮಿ ಅಲ್ಲ, ಅವ್ರದ್ದು ಉಳಿದಿರೋದು ಬಹುಪಾಲು ಅರವತ್ತರ ದಶಕದಲ್ಲಿ ಅಲ್ಲಿಗೆ ಹೋಗಿ ಠಿಕಾಣಿ ಹಾಕಿದ್ದ ಅಮೇರಿಕಾದ ಹುಡುಗ್ರು ಟೇಪ್ ಮಾಡ್ಕೊಂಡಿದ್ದು. ಅಂಥ ಟೇಪು ಕಾಪಿಯಿಂದ ಕಾಪಿಯಾಗಿ ಕೈ ಬದಲಾಯ್ಸಿರತ್ತೆ, ಅದರ ಮೇಲೆ ಬರ್ದಿರೋ ತಾರೀಖು ಹೆಸರು ನಂಬೋದು ಕಷ್ಟ. ಇಂಥವ್ರನ್ನ ನೋಡ್ಬೇಕು ಅಂದ್ರೆ ಸ್ಪೇನ್ ಟೀವಿಯವ್ರು 1971ರಿಂದ 1973ರವರೆಗೆ ಮಾಡಿದ ರೀತೊ ಇ ಹಿಯೊಗ್ರಫಿಯಾ ದೆಲ್ ಕಾಂತೆ ಅನ್ನೋ ಸರಣಿ ನೋಡಿ, ಅದ್ರಲ್ಲಿ ಯಾರು ನುಡಿಸ್ತಿದಾರೆ ಅಂತ ಕಣ್ಣಾರೆ ಕಾಣತ್ತೆ, ಕೈ ಬೆರಳು ಹೆಂಗೆ ಓಡತ್ತೆ ಅಂತನೂ ಕಾಣತ್ತೆ, ದಿಯೆಗೊ ಮತ್ತೆ ಗಾಯಕಿ ಫೆರ್ನಾಂದಾ ದೆ ಉತ್ರೆರಾ ಇಬ್ಬರೂ ಒಟ್ಟಿಗೆ ಇರೋದಂತೂ ನೋಡ್ಲೇಬೇಕು. ಕಿವಿ ಪಳಗ್ಸೋಕೆ ಇದಕ್ಕಿಂತ ಒಳ್ಳೇದು ಇಲ್ಲ.

ಮೈಸೂರಲ್ಲಿ ಪ್ಲೇಟು ಸಿಗತ್ತಾ ಅಂತ ಕೇಳ್ತೀರ. ಸ್ಪೇನ್‌ನ ಅರಗಿನ ಪ್ಲೇಟು ದೇವರಾಜ ಮಾರ್ಕೆಟ್ ಸುತ್ತ ಗುಜರಿಲಿ ಸಿಗತ್ತೆ ಅನ್ನೋ ಆಸೆ ಬಿಟ್ಬಿಡಿ. ಹಳೇ ಮನೆಗಳಲ್ಲಿ ಪಾಶ್ಚಾತ್ಯ ಎಲ್‌ಪಿ ಇಟ್ಟವ್ರು ಇದಾರೆ, ಜಯಚಾಮರಾಜ ಒಡೆಯರು ರಷ್ಯಾದ ಸಂಗೀತಗಾರ ಮೆಡ್ಟ್‌ನರ್ ಅವ್ರ ಸಂಗೀತ ರೆಕಾರ್ಡ್ ಮಾಡ್ಸೋಕೆ ಕೈಯಿಂದ ದುಡ್ಡು ಕೊಟ್ಟ ಊರಲ್ವಾ ಇದು. ಅಂಥ ಕಡೆ ಸಿಕ್ರೆ ಕಾರ್ಲೊಸ್ ಮೊಂತೋಯಾ, ಸಾಬಿಕಾಸ್ ಥರದ ಅಮೇರಿಕಾ ಇಂಗ್ಲೆಂಡ್ ಪ್ರೆಸ್ಸಿಂಗ್ ಸಿಗ್ಬೋದು, ನರ್ತಕಿ ಕಾರ್ಮೆನ್ ಅಮಾಯಾ ಜೊತೆ ಗಿಟಾರ್ ವಾದಕ ಸಾಬಿಕಾಸ್ ನುಡಿಸಿರೋದು ಸಿಕ್ರೆ ಮಾತಾಡ್ದೇ ತಗೊಳ್ಳಿ. ಸ್ಪೇನಿಂದ ತರ್ಸೋದಾದ್ರೆ ಪ್ಲೇಟಿನ ರೇಟಿಗಿಂತ ಪೋಸ್ಟಿಂದೇ ಜಾಸ್ತಿ ಆಗೋದುಂಟು, ಮೇಲೆ ಕಸ್ಟಮ್ಸ್ ಬೇರೆ, ಅರಗಿನ ಪ್ಲೇಟು ದಾರೀಲಿ ಬಿರುಕು ಬಿಟ್ರೆ ಕೇಳೋರಿಲ್ಲ. ಅದಕ್ಕೆ ನನ್ನ ಸಲಹೆ, ಮಾರೋರಿಗೆ ಮೆಸೇಜ್ ಮಾಡಿ ಲೇಬಲ್‌ದೂ ಆ ಖಾಲಿ ಪಟ್ಟಿದೂ ಒಂದು ಕ್ಲಿಯರ್ ಫೋಟೊ ಕೇಳಿ. ನಮಗೆ ಬೇಕಾಗಿರೋದು ನಂಬರ್ರು. ತುಂಬಾ ಜನ ಕೊಡ್ತಾರೆ, ಆಗಾಗ ಅವ್ರ ಹತ್ರ ಒಂದೆರಡು ಎಲ್‌ಪಿ ಕೊಂಡ್ಕೊಂಡ್ರೆ ಇನ್ನೂ ಖುಷಿಯಾಗಿ ಕೊಡ್ತಾರೆ.

ಇದೆಲ್ಲಾನೂ ಒಂದು ಶೀಟಲ್ಲಿ ಬರೀತಾ ಹೋಗಿ, ಹಾಡುಗಾರರು, ಪಾಲೊ, ಮೊದಲ ಸಾಲು, ಕಂಪನಿ, ಕ್ಯಾಟಲಾಗ್, ಮ್ಯಾಟ್ರಿಕ್ಸ್, ವರ್ಷ, ಗಿಟಾರ್. ಕೊನೇ ಕಾಲಂ ಬಹಳ ಮುಖ್ಯ, ಹೇಗೆ ಗೊತ್ತಾಯ್ತು ಅಂತ. ಲೇಬಲ್ ಮೇಲಿದೆ, ಕೂಗಲ್ಲಿ ಕೇಳ್ತು, ಪಕ್ಕದ ಮ್ಯಾಟ್ರಿಕ್ಸಿಂದ ಊಹೆ, ಬರೀ ಕಿವಿ, ಹಿಂಗೆ ಒಂದು ಪದ ಹಾಕಿದ್ರೆ ಸಾಕು, ಆರು ತಿಂಗಳು ಬಿಟ್ಟು ನೋಡಿದಾಗ ನಿಮ್ಮ ಊಹೆನ ನೀವೇ ಸತ್ಯ ಅನ್ಕೊಂಡು ಮೋಸ ಹೋಗಲ್ಲ. ಗೊತ್ತಾಗ್ದೇ ಇದ್ರೆ "ಗೊತ್ತಿಲ್ಲ" ಅಂತ ಬರ್ದಿಡಿ, ಖಾಲಿ ಬಿಟ್ರೆ ನೋಡೇ ಇಲ್ಲ ಅಂತ ಅರ್ಥ ಬರತ್ತೆ.

ಆಮೇಲೆ ಡಿಸ್ಕಾಗ್ಸ್‌ನಲ್ಲಿ ತಪ್ಪು ಹೆಸರು ಇರೋದು ಕಂಡ್ರೆ ಬೈಕೊಂಡು ಸುಮ್ನಾಗ್ಬೇಡಿ, ಅಕೌಂಟ್ ಮಾಡ್ಕೊಂಡು ತಿದ್ದಿ. ತಿದ್ದೋವಾಗ ಕೆಳಗೆ ಕಾರಣ ಬರಿಯೋ ಜಾಗ ಇರತ್ತೆ, ಅಲ್ಲಿ ಲೇಬಲ್ ಫೋಟೊ ನೋಡಿ ತಿದ್ದಿದೀನಿ, ಮ್ಯಾಟ್ರಿಕ್ಸ್ ಇಂತಿಷ್ಟು ಅಂತ ಒಂದು ಸಾಲು ಹಾಕಿ, ಫೋಟೊ ಇದ್ರೆ ಅದನ್ನೂ ಏರ್ಸಿ. ಬರೀ ಕಿವಿ ಮೇಲೆ ಹೇಳೋದಾದ್ರೆ ಹೆಸರಿನ ಜಾಗಕ್ಕೆ ಕೈ ಹಾಕ್ಬೇಡಿ, ನೋಟ್ಸ್‌ನಲ್ಲಿ ಮಾತ್ರ ಬರೀರಿ.